ಸುಳ್ಳು ಹೆಸರಿನ ಗಿರಾಕಿ

ನಮ್ಮ ಬೀದಿಯ ತರುಣನೊಬ್ಬ ಬೆಂಗಳೂರಿನಲ್ಲೇ ಒಂದು ವಿಚಿತ್ರ ಉದ್ಯೋಗದಲ್ಲಿದ್ದಾನೆ. ತಾಯಿಗೆ ಅವನು ಹೇಳಿರುವುದು ‘ಮಾರ್ಕೆಟ್ ಸರ್ವೆ’ ಎಂದು. ನಿಜವಾಗಿ ಅವನು ಖಾಸಗಿ ಪತ್ತೇದಾರ. ಪತ್ತೇದಾರನೆಂದೊಡನೆ ಓದುಗರು ಕೊಲೆಯನ್ನೂ ರಕ್ತದ ಕಲೆಯನ್ನೂ ನೆನೆಯಬೇಕಾಗಿಲ್ಲ. ಅವನು ಹುಡುಕುವುದು ಕೈಚೀಲ, ಗಡಿಯಾರ, ಬೆಲ್ಟು, ಪಾದರಕ್ಷೆಗಳನ್ನು. ಪ್ಯಾರಿಸ್ಸಿನ ಹೆಸರು ಹೊತ್ತು ಬೇರೆಲ್ಲೋ ಹುಟ್ಟಿದ ಸರಕು ನಮ್ಮ ಪೇಟೆಯ ಯಾವ ಓಣಿಯಲ್ಲಿ ಬಿಕರಿಯಾಗುತ್ತಿದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಸಂಬಳ ಬರುವುದು ಆ ಹೆಸರಿನ ಒಡೆಯರ ದುಡ್ಡಿನಿಂದ.

ಹೋದ ತಿಂಗಳು ನಮ್ಮ ಮನೆಗೆ ಬಂದವನು ಕಾಫಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಸಾರ್, ಕಳ್ಳ ಸರಕು ಹಿಡಿಯುವುದಕ್ಕೆ ಸುಳ್ಳು ಹೇಳಿದರೆ ತಪ್ಪೆ?”

ನಡೆದದ್ದು ಇಷ್ಟು. ಮೆಜೆಸ್ಟಿಕ್ ಕಡೆಯ ಒಂದು ಸಣ್ಣ ಅಂಗಡಿಗೆ ಅವನು ಬೇರೊಂದು ಹೆಸರಿನಲ್ಲಿ ಹೋಗಿದ್ದ. ತಂಗಿಯ ಮದುವೆ, ಉಡುಗೊರೆ ಕೊಡಲು ಒಳ್ಳೆಯ ಹೆಸರಿನ ಚೀಲಗಳು ಬೇಕು ಎಂದಿದ್ದ. ಅಂಗಡಿಯವನು ಚಹಾ ತರಿಸಿದ. ಮೆಟ್ಟಿಲು ಹತ್ತಿಸಿ ಗೋದಾಮನ್ನೂ ತೋರಿಸಿದ. ಕೊನೆಗೆ, “ತಂಗಿ ಮದುವೆ ಅಂದ್ರಿ, ನಿಮ್ಮಿಂದ ಲಾಭ ಬೇಡ” ಎಂದು ಬೆಲೆಯನ್ನೂ ಇಳಿಸಿದ. ಕೆಲವು ವಾರಗಳಲ್ಲಿ ನ್ಯಾಯಾಲಯದ ಕಮಿಷನರು ಬಂದು ಆ ಗೋದಾಮಿಗೆ ಮೊಹರು ಹಾಕಿದರು. ಜಾಗ ತೋರಿಸಲು ಹೋಗಿದ್ದ ನಮ್ಮ ತರುಣನನ್ನು ಅಂಗಡಿಯವನು ಗುರುತು ಹಿಡಿದ. ಬಯ್ಯಲಿಲ್ಲ. “ತಂಗಿ ಮದುವೆ ಚೆನ್ನಾಗಿ ಆಯ್ತಾ, ಅಣ್ಣ?” ಎಂದಷ್ಟೇ ಕೇಳಿದ.

ಇವನಿಗೆ ತಂಗಿಯೇ ಇಲ್ಲ.

ನಾನು ಒಡನೆ ಉತ್ತರ ಹೇಳಲಿಲ್ಲ. ಕಾನೂನೇನೋ ಇವನ ಪಕ್ಷದಲ್ಲಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಂತೆ ಖೋಟಾ ಮುದ್ರೆಯ ಸರಕು ಮಾರಿದವರಿಗೆ 3 ವರ್ಷದವರೆಗೆ ಸೆರೆಮನೆ, 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ಆದರೆ ನ್ಯಾಯಾಲಯಕ್ಕೆ ಗಾಳಿಮಾತು ಸಾಲದು. ಯಾರಾದರೂ ಹೋಗಿ ಸರಕು ಕೊಂಡು, ಚೀಟಿ ಸಿಕ್ಕರೆ ಚೀಟಿ ತಂದು, ಪ್ರಮಾಣಪತ್ರ ಬರೆದುಕೊಡಬೇಕು. ‘ನಾನು ಪತ್ತೇದಾರ’ ಎಂದು ಹೇಳಿಕೊಂಡು ಹೋದವನಿಗೆ ಚೀಲ ತೋರಿಸುವ ಅಂಗಡಿ ಯಾವುದಿದೆ? ಇದರಲ್ಲಿ ಒಂದು ತಮಾಷೆಯೂ ಇದೆ. ಮಾರುವವರು ಯಾರೆಂದು ತಿಳಿಯದಿರುವಾಗ ನಮ್ಮ ನ್ಯಾಯಾಲಯಗಳಲ್ಲಿ ‘ಅಶೋಕ್ ಕುಮಾರ್’ ಎಂಬ ಕಲ್ಪಿತ ಹೆಸರಿನ ಮೇಲೆ ದಾವೆ ಹೂಡುವ ರೂಢಿಯುಂಟು. ಹೀಗೆ ಇಲ್ಲದ ಗಿರಾಕಿಯೊಬ್ಬ ಇಲ್ಲದ ಅಶೋಕ್ ಕುಮಾರನನ್ನು ಹುಡುಕಿಕೊಂಡು ಹೊರಡುತ್ತಾನೆ!

ಇಷ್ಟೆಲ್ಲ ಪ್ರಯಾಸಕ್ಕೆ ಆ ಹೆಸರು ಯೋಗ್ಯವೆ? ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಲಕ್ಷ ರೂಪಾಯಿಯ ಚೀಲ ಎರಡು ಸಾವಿರಕ್ಕೆ ಬಾರದು. ಮೋಸಹೋಗುವುದು ಮದುವೆಮನೆಯ ನೆಂಟರ ಕಣ್ಣು ಮಾತ್ರ. ಲೂಯಿ ವಿಟಾನ್ ಸಂಸ್ಥೆಯವರು 1896ರಲ್ಲಿ ಅಕ್ಷರವೂ ಹೂವೂ ಹೆಣೆದ ತಮ್ಮ ಚಿತ್ತಾರವನ್ನು ಹೊರತಂದದ್ದೇ ನಕಲಿಗಳ ಕಾಟ ತಪ್ಪಲೆಂದು. ಇಂದು ಜಗತ್ತಿನ ಬೀದಿಬೀದಿಯಲ್ಲಿ ನಕಲಾಗುತ್ತಿರುವುದು ಆ ಚಿತ್ತಾರವೇ! ಅಸಲಿಯೂ ಸದಾ ನಿರ್ಮಲವಲ್ಲ. 2024ರಲ್ಲಿ ಮಿಲಾನಿನ ನ್ಯಾಯಾಲಯವು ಡಿಯೋರ್ ಸಂಸ್ಥೆಯ ತಯಾರಿಕಾ ಶಾಖೆಯೊಂದನ್ನು ಕೆಲಕಾಲ ನ್ಯಾಯಾಂಗದ ಮೇಲ್ವಿಚಾರಣೆಗೆ ಒಪ್ಪಿಸಿತು. ಅದರ ಒಳಗುತ್ತಿಗೆದಾರರ ಕಾರ್ಖಾನೆಗಳಲ್ಲಿ ಕೂಲಿಕಾರರನ್ನು ಶೋಷಿಸಲಾಗುತ್ತಿತ್ತೆಂದು ತನಿಖೆ ಹೇಳಿತ್ತು. ಅಂಗಡಿಯಲ್ಲಿ 2,600 ಯೂರೋ ಬೆಲೆಯ ಚೀಲವೊಂದಕ್ಕೆ, ತೊಗಲಿನ ಖರ್ಚು ಬಿಟ್ಟು, ಗುತ್ತಿಗೆದಾರನಿಗೆ ಕೊಟ್ಟದ್ದು 53 ಯೂರೋ. ಹೀಗಿರುವಲ್ಲಿ ಆ ಹೆಸರಿನ ಮಾನ ಕಾಯಲು ಮೆಜೆಸ್ಟಿಕ್ಕಿನ ಬಡ ಅಂಗಡಿಗೆ ಬೀಗ ಹಾಕಿಸುವುದು ಯಾವ ನ್ಯಾಯ ಎಂದು ನನಗೂ ಅನ್ನಿಸಿತು.

ಆದರೆ ಅದೇ 2024ರ ಜನವರಿಯಲ್ಲಿ ಪತ್ರಿಕೆಯಲ್ಲಿ ಓದಿದ ಇನ್ನೊಂದು ಸುದ್ದಿ ನೆನಪಾಯಿತು. ಹೈದರಾಬಾದಿನಲ್ಲಿ ಯಾರೋ ನಮ್ಮ ಮೈಸೂರು ಸ್ಯಾಂಡಲ್ ಸಾಬೂನಿನ ನಕಲು ತಯಾರಿಸುತ್ತಿದ್ದರು. ಸಿಕ್ಕಿಬಿದ್ದ ಮಾಲಿನ ಬೆಲೆ ಸುಮಾರು 2 ಕೋಟಿ ರೂಪಾಯಿ. ಅದನ್ನು ಓದಿದಾಗ ನನಗೆ ನಗು ಬಂದಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಿಂದ ಎಷ್ಟೋ ಜನ ದುಡಿದು ಉಳಿಸಿಕೊಂಡ ಹೆಸರನ್ನು ಕದ್ದರಲ್ಲಾ ಎಂದು ಸಿಟ್ಟೇ ಬಂದಿತ್ತು. ಅಂದಮೇಲೆ ಪ್ಯಾರಿಸ್ಸಿನವರ ಹೆಸರು ಕದ್ದರೆ ನಗುವುದು ನನ್ನ ನೀತಿಯಲ್ಲ, ನನ್ನ ದೂರ. ಹೆಸರೆಂಬುದು ಕೊಟ್ಟ ಮಾತು. ಒಡೆಯ ತಾನೇ ಆ ಮಾತಿಗೆ ತಪ್ಪಿದರೆ ಅವನಿಗೂ ಶಿಕ್ಷೆಯಾಗಲಿ. ಆದರೆ ಅವನು ತಪ್ಪಿದನೆಂದು ಆ ಮಾತನ್ನು ಇನ್ನೊಬ್ಬ ಕದಿಯುವ ಹಾಗಿಲ್ಲ.

ಇನ್ನು ಸುಳ್ಳಿನ ಮಾತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಹಿರಿಯರು ಹೇಳಿದ್ದಾರೆ. ತೆಗೆದ ಮುಳ್ಳನ್ನು ಏನು ಮಾಡಬೇಕೆಂದು ಹೇಳಿಲ್ಲ. ನನಗೆ ತೋರುವ ವ್ಯತ್ಯಾಸ ಇದು: ನಕಲಿ ಚೀಲದ ಸುಳ್ಳು ಎಂದೆಂದಿಗೂ ಬಯಲಾಗದಿರಲೆಂದು ಹುಟ್ಟಿದ್ದು, ಪತ್ತೇದಾರನ ಸುಳ್ಳು ಒಂದು ದಿನ ಅವನ ಬಾಯಿಂದಲೇ ಬಯಲಾಗಬೇಕೆಂದು ಹುಟ್ಟಿದ್ದು. ಇಂಥ ದಿನ, ಇಂಥ ಅಂಗಡಿಗೆ, ಗಿರಾಕಿಯ ವೇಷದಲ್ಲಿ ಹೋದೆನೆಂದು ಅವನು ಪ್ರಮಾಣಮಾಡಿ ಹೇಳಬೇಕು. ಅದು ಪತ್ರ ಬರೆದುಕೊಟ್ಟು ಮಾಡಿದ ಸಾಲವಿದ್ದಂತೆ. ಆ ಪ್ರಮಾಣಪತ್ರದೊಳಕ್ಕೂ ಸುಳ್ಳು ನುಗ್ಗಿದರೆ ಚೀಲಕ್ಕೂ ಪತ್ತೇದಾರನಿಗೂ ಭೇದವುಳಿಯುವುದಿಲ್ಲ. ಹಾಗಾದದ್ದೂ ಉಂಟು. 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಚೀನಾದಲ್ಲಿ ವಿಚಾರಿಸಿದಾಗ, ಕೆಲವು ಪತ್ತೇದಾರರು ಕಾಗದಪತ್ರಗಳನ್ನು ಸೃಷ್ಟಿಸಿದ್ದು, ದಾಳಿಯ ನಾಟಕವಾಡಿದ್ದು, ತಾವೇ ನಕಲಿ ಸರಕಿನ ವ್ಯಾಪಾರಕ್ಕೆ ಇಳಿದದ್ದು ಕಂಡುಬಂತು. ಹಾವಿಗೆ ಇಷ್ಟೆಂದು ಕೂಲಿ ಗೊತ್ತುಮಾಡಿದರೆ ಹಾವಾಡಿಗ ಹಾವು ಸಾಕತೊಡಗುತ್ತಾನೆ. ನಮ್ಮಲ್ಲಿ ಖಾಸಗಿ ಪತ್ತೇದಾರರ ನಿಯಂತ್ರಣಕ್ಕೆಂದು 2007ರಲ್ಲಿ ರಾಜ್ಯಸಭೆಯ ಮುಂದೆ ಬಂದ ಮಸೂದೆ ಕಾನೂನಾಗಲೇ ಇಲ್ಲ. ಅವರ ಹೊಲಕ್ಕೆ ಬೇಲಿಯೆಂದರೆ ಬಹುಮಟ್ಟಿಗೆ ಅವರ ಮನಸ್ಸಾಕ್ಷಿಯೇ.

ಇಷ್ಟನ್ನೂ ನಾನು ಹೇಳಿದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಿರಲಿಲ್ಲ. ಧರ್ಮರಾಯನ ಅರ್ಧಸುಳ್ಳಿನಿಂದ ಯುದ್ಧ ಗೆದ್ದಿತು. ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಮಾತ್ರ ನೆಲಕ್ಕಿಳಿಯಿತು. ಯುದ್ಧ ಸೋಲಬೇಕಾಗಿತ್ತೆಂದು ಕಥೆ ಹೇಳುವುದಿಲ್ಲ. ರಥ ಇಳಿದದ್ದನ್ನೂ ಮುಚ್ಚಿಡುವುದಿಲ್ಲ.

“ನೋಡಪ್ಪ,” ಎಂದೆ, “ಸುಳ್ಳು ಹೆಸರು ಹೇಳಿ ಚೀಲ ಕೊಂಡದ್ದಕ್ಕೆ ನ್ಯಾಯಾಲಯದಲ್ಲಿ ಲೆಕ್ಕ ಒಪ್ಪಿಸಿದ್ದೀಯ. ಆದರೆ ಅವನು ಲಾಭ ಬಿಟ್ಟದ್ದು ಚೀಲಕ್ಕಾಗಿ ಅಲ್ಲ, ನಿನ್ನ ತಂಗಿಗಾಗಿ. ಆ ಅಂಗಡಿಯಲ್ಲಿ ಅಂದು ಇದ್ದ ಅಸಲಿ ಸರಕು ಅದೊಂದೇ. ಅದಕ್ಕೆ ನೀನು ಕೊಟ್ಟದ್ದು ಖೋಟಾ ನಾಣ್ಯ. ಅದರ ಲೆಕ್ಕ ಯಾವ ಪ್ರಮಾಣಪತ್ರದಲ್ಲೂ ಬರುವುದಿಲ್ಲ.”

ಮೊನ್ನೆ ಮತ್ತೆ ಸಿಕ್ಕಿದ್ದ. ಉದ್ಯೋಗ ಬಿಟ್ಟಿಲ್ಲ. ಮನೆ ನಡೆಯಬೇಕು, ಬಿಡೆಂದು ನಾನೂ ಹೇಳಿರಲಿಲ್ಲ. “ಈಗ ಕಥೆ ಹೇಳೋದು ನಿಲ್ಲಿಸಿದ್ದೀನಿ ಸಾರ್. ಬೆಲೆ ಕೇಳ್ತೀನಿ, ದುಡ್ಡು ಕೊಡ್ತೀನಿ, ಬರ್ತೀನಿ. ಅವರು ಚಹಾ ತರಿಸಿದರೆ ಕಾಸು ನಾನೇ ಕೊಡ್ತೀನಿ,” ಎಂದ.

“ತಾಯಿಗೆ ಹೇಳಿದೆಯಾ, ಏನು ಕೆಲಸ ಅಂತ?”

ಸ್ವಲ್ಪ ತಡೆದು ಹೇಳಿದ: “ಇನ್ನೂ ಇಲ್ಲ ಸಾರ್.”