ಕಳ್ಳ ಒಯ್ಯದ ವಿದ್ಯೆ

ವಿದ್ಯೆಯನ್ನು ಕಳ್ಳ ಕದಿಯಲಾರ, ದಾಯಾದಿ ಪಾಲು ಕೇಳಲಾರ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಳ್ಳನ ಮಟ್ಟಿಗೆ ಆ ಮಾತು ನಿಜ. ರಾಜ್ಯದ ಮಟ್ಟಿಗೆ ಅಲ್ಲ.

ಸೇಡಂ ತಾಲ್ಲೂಕಿನ ಮುಧೋಳದ ಕಡೆ, ತೆಲಂಗಾಣದ ಗಡಿಗೆ ಹತ್ತಿಕೊಂಡ ಊರುಗಳಲ್ಲಿ, ಹಳೆಯ ಮನೆಗಳ ಟ್ರಂಕಿನೊಳಗೆ ಒಂದು ಕಾಗದ ಇರುತ್ತದೆ. ನಾಲ್ಕು ಮಡಿಕೆಯದು, ಮಡಿಕೆಯ ಗೆರೆಗುಂಟ ಹರಿದದ್ದು, ಮಸಿ ಕಂದಿ ಚಹಾದ ಬಣ್ಣಕ್ಕೆ ಇಳಿದದ್ದು. ನಿಜಾಮರ ಕಾಲದ ಹೊಲದ ದಾಖಲೆ, ಉರ್ದುವಿನಲ್ಲಿ. ಮನೆಯ ಮುತ್ತಜ್ಜ ಅದನ್ನು ಗಡಗಡ ಓದಿ ಊರ ಮಂದಿಗೆ ಅರ್ಥ ಹೇಳುತ್ತಿದ್ದ. ಓದಿದವನು ಎಂದು ಕಟ್ಟೆಯ ಮೇಲೆ ಅವನಿಗೆ ಜಾಗ ಬಿಡುತ್ತಿದ್ದರು. ಮರಿಮಗ ಬಿ.ಎ., ಬಿ.ಎಡ್. ಮಾಡಿದ್ದಾನೆ. ಕಾಗದವನ್ನು ನೆಟ್ಟಗೆ ಹಿಡಿದಿದ್ದಾನೋ ತಲೆಕೆಳಗು ಹಿಡಿದಿದ್ದಾನೋ ಅವನಿಗೇ ತಿಳಿಯುವುದಿಲ್ಲ. ಉರ್ದು ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗನಿಗೂ ಆ ಕಾಲದ ಗುಮಾಸ್ತರ ಶಿಕಸ್ತಾ ಎಂಬ ಓಡುಬರಹ ಓದಲು ಬರುವುದಿಲ್ಲ. ಹೊಲದ ತಕರಾರು ಎದ್ದರೆ ಓದಬಲ್ಲ ಮುದುಕರನ್ನು ಹುಡುಕಿಕೊಂಡು ಕಲಬುರಗಿಗೆ ಹೋಗಬೇಕು.

ಈ ಸೀಮೆಯಲ್ಲಿ ಬರಹ ಹೀಗೆ ಓದಲಾಗದೆ ಹೋಗುವುದು ಹೊಸದೇನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಕೆಳಗಿದ್ದ ಪೀಠದ ಕಲ್ಲು ಹೊರಬಂತು. ಅದರ ಎರಡೂ ಮುಖಕ್ಕೆ ಅಶೋಕನ ಶಾಸನ. ಒಂದು ಕಡೆ ತನ್ನ ಮತವನ್ನೇ ಹೊಗಳಿಕೊಂಡು ಪರರದನ್ನು ಹಳಿಯಬೇಡ ಎನ್ನುವ ಹನ್ನೆರಡನೆಯ ಶಾಸನವಿದೆ. ಇನ್ನೊಂದು ಕಡೆ ಅಧಿಕಾರಿಗಳು ಪ್ರಜೆಗಳೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬ ಅಪ್ಪಣೆಗಳು. ಅವನ್ನು ತಿಷ್ಯ ನಕ್ಷತ್ರದ ದಿನ ತಪ್ಪದೆ ಓದಿ ಕೇಳಿಸಬೇಕೆಂಬ ಸೂಚನೆಯೂ ಅದರಲ್ಲೇ ಇದೆ. ನೋಡಿದರೆ ಸರ್ಕಾರವೇ ಬರೆಸಿದ ಪಠ್ಯಪುಸ್ತಕ, ಕಲಿಸುವ ದಿನವೂ ಗೊತ್ತುಮಾಡಿದ್ದು. ಕಲ್ಲಿನಲ್ಲಿ ಕೊರೆಸಿದ್ದು ಉಳಿಯಲಿ ಎಂದೇ. ಕಲ್ಲು ಉಳಿಯಿತು, ಲಿಪಿ ಮರೆತುಹೋಯಿತು. ಮುಂದೆ ಯಾರೋ ಕಲ್ಲುಕುಟಿಗ ವಿಗ್ರಹ ನಿಲ್ಲಿಸಲು ಅದರ ನಡುವೆ ತೂತು ಕೊರೆದ. ಅಕ್ಷರಗಳ ಮೇಲೆ ಉಳಿ ಇಟ್ಟಾಗ ಅವನಿಗೆ ಅವು ಅಕ್ಷರ ಅನ್ನಿಸಲೇ ಇಲ್ಲವೋ ಏನೋ. ಅವನನ್ನು ದೂರುವಂತಿಲ್ಲ, ಅವನಿಗೆ ಆ ಲಿಪಿ ಕಲಿಸುವ ರಾಜ್ಯ ಆಗಲೇ ಇರಲಿಲ್ಲ. ಅನಿಚ್ಚವನ್ನು, ಅಂದರೆ ಎಲ್ಲವೂ ಅನಿತ್ಯ ಎಂಬುದನ್ನು, ಬೋಧಿಸಿದ ಬೌದ್ಧರ ದೊಡ್ಡ ಸ್ತೂಪ ಅಲ್ಲಿಯೇ ಹತ್ತಿರದ ಕನಗನಹಳ್ಳಿಯಲ್ಲಿ ಮಣ್ಣೊಳಗೆ ಮಲಗಿತ್ತು. ‘ರಾಯೋ ಅಸೋಕೋ’ ಎಂದು ಹೆಸರು ಕೊರೆದ ರಾಜನ ಚಿತ್ರ ಸಿಕ್ಕಿದ್ದು ಅಲ್ಲಿ ನಡೆದ ಅಗೆತದಲ್ಲೇ.

ಚಿತ್ತಾಪುರದ ಹತ್ತಿರವೇ ನಾಗಾವಿ. 1058ರ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದ ಲೆಕ್ಕ ಇದೆ. ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಕಟ್ಟಿಸಿದ್ದು. ವೇದ ಓದುವವರು 200, ಶಾಸ್ತ್ರ ಓದುವವರು 52, ಕಲಿಸುವ ಉಪಾಧ್ಯಾಯರು, ಅವರ ಬದುಕಿಗೆ ಭೂಮಿಯ ದತ್ತಿ. ಇದೆಲ್ಲ ಬೇರೆ ಕಡೆಯೂ ಇತ್ತು. ಕಣ್ಣು ಹಿಡಿದು ನಿಲ್ಲಿಸುವ ಸಾಲೆಂದರೆ ಆರು ಮಂದಿ ಸರಸ್ವತೀ ಭಂಡಾರಿಗರದ್ದು. ಗ್ರಂಥ ಕಾಯಲಿಕ್ಕೆ ಆರು ಜನ! ಇವತ್ತು ನಮ್ಮ ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಒಬ್ಬ ಗ್ರಂಥಪಾಲಕನ ಹುದ್ದೆಯೂ ಖಾಲಿ. ಆ ಆರು ಜನ ಕಾಯ್ದ ಓಲೆಗರಿಗಳಲ್ಲಿ ಒಂದೂ ಉಳಿದಿಲ್ಲ. ಅವರಿದ್ದರು ಎಂದು ಹೇಳುವ ಕಲ್ಲು ಉಳಿದಿದೆ. ಅರವತ್ತು ಕಂಬದ ಗುಡಿಯಲ್ಲಿ ನಿಂತರೆ ಕಂಬಗಳ ನಡುವೆ ಗಾಳಿ ಆಡುತ್ತದೆ. ನೋಡಬಂದವರು ‘ಎಂಥಾ ವಿದ್ಯಾಪೀಠ ಹಾಳಾಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ.

ನನಗೆ ಆ ನಿಟ್ಟುಸಿರು ಅರ್ಧ ಮಾತ್ರ ಒಪ್ಪಿಗೆ. ಆ ಇನ್ನೂರೈವತ್ತು ಚಿಲ್ಲರೆ ಹುಡುಗರಲ್ಲಿ ಕಂಬ ಕಡೆದವನ ಮಗ ಇರಲಿಲ್ಲ. ದತ್ತಿ ಬಿಟ್ಟ ಹೊಲವನ್ನು ಉತ್ತವನ ಮಗ ಇರಲಿಲ್ಲ, ಯಾರ ಮಗಳೂ ಇರಲಿಲ್ಲ. ಪಕ್ಕದ ಮಳಖೇಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ನೃಪತುಂಗನ ಆಸ್ಥಾನದಿಂದ ಬಂದ ‘ಕವಿರಾಜಮಾರ್ಗ’ ಓದು ಕಲಿಯದೆಯೂ ಕಾವ್ಯ ಬಲ್ಲ ಜನ ಈ ನಾಡಿನವರು ಎಂದು ಹೊಗಳಿತು. ಹೊಗಳಿಕೆ ಚೆನ್ನಾಗಿದೆ. ಆ ಜನಕ್ಕೆ ಓದು ಏಕೆ ದಕ್ಕಿರಲಿಲ್ಲ ಎಂದು ಕೇಳುವುದು ಆ ಕಾಲದ ಆಸ್ಥಾನಕ್ಕೆ ತೋಚುವ ಪ್ರಶ್ನೆಯಾಗಿರಲಿಲ್ಲ. 972ರಲ್ಲಿ ಪರಮಾರ ಸೀಯಕ ಬಂದು ಮಾನ್ಯಖೇಟವನ್ನು ಸೂರೆ ಮಾಡಿದ. ಅಳಿದದ್ದರಲ್ಲಿ ಜ್ಞಾನವೂ ಇತ್ತು. ಆದರೆ ಆ ಜ್ಞಾನಕ್ಕೆ ಹಾಕಿದ್ದ ಬೇಲಿಯೂ ಜೊತೆಗೇ ಅಳಿಯಿತು ಅಂದುಕೊಂಡರೆ ತಪ್ಪು. ಗ್ರಂಥ ಅಳಿದುಹೋದ ಮೇಲೂ ಬೇಲಿ ಇನ್ನೊಂದು ಸಾವಿರ ವರ್ಷ ನಿಂತಿತು. ಅನಿತ್ಯದ ಮಾತಾಡುವವರು ಇದನ್ನು ಗಮನಿಸಬೇಕು: ಎಲ್ಲವೂ ಅಳಿಯುತ್ತದೆ ನಿಜ, ಒಂದೇ ವೇಗದಲ್ಲಿ ಅಳಿಯುವುದಿಲ್ಲ.

ನಿಜಾಮರ ಆಳ್ವಿಕೆ ಇನ್ನೊಂದು ಬಗೆಯ ಓದಿದವರನ್ನು ತಯಾರು ಮಾಡಿತು. ಮೊದಲು ಪಾರ್ಸಿ, ಆಮೇಲೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ವೈದ್ಯಕೀಯವನ್ನೂ ಕಲಿಸಿದ ದೊಡ್ಡ ಸಾಹಸ, ಅದನ್ನು ಮೆಚ್ಚಲೇಬೇಕು. ಆದರೆ ಸೇಡಂನ ಕನ್ನಡದ ಹುಡುಗನಿಗೆ ಆ ಭಾರತೀಯ ಭಾಷೆ ಮನೆಯದಾಗಿರಲಿಲ್ಲ. ಕನ್ನಡ ಬೇಕೆಂದವರು ಖಾನಗಿ ಶಾಲೆ ಕಟ್ಟಿಕೊಂಡರು. 1938ರಲ್ಲಿ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾದಿಂದ ಹೊರಬಿದ್ದ ಹುಡುಗರು ನಾಗಪುರಕ್ಕೆ ಹೋಗಿ ಓದು ಮುಗಿಸಿದರು. ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ರಾಜ್ಯ ತನ್ನ ಬಾಳಿಕೆಗೆಂದು ಕಟ್ಟಿದ ಶಾಲೆಯಲ್ಲೇ ಅದನ್ನು ಕೆಡವುವವರು ಪಾಠ ಕಲಿಯುತ್ತಾರೆ. ಎಲ್ಲ ರಾಜ್ಯಗಳ ಕಥೆಯೂ ಇದೇ ಇರಬೇಕು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ಎಂಟೇ ವರ್ಷಕ್ಕೆ, 1956ರ ನವೆಂಬರ್ 1ರಂದು ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮುಧೋಳದ ಕಡೆಯ ಅಕ್ಕತಂಗಿಯರಲ್ಲಿ ಒಬ್ಬಳನ್ನು ಇತ್ತ, ಒಬ್ಬಳನ್ನು ಅತ್ತ ಕೊಟ್ಟಿದ್ದರೆ ಅವರ ಮಕ್ಕಳು ಬೇರೆ ಬೇರೆ ಅಕ್ಷರ ತಿದ್ದಿದರು. ಮನೆಯಲ್ಲಿ ಎರಡೂ ಮಾತು ಬೆರೆಸಿ ಆಡುತ್ತಿದ್ದವರು ಪರೀಕ್ಷೆಗೆ ಮಾತ್ರ ಎರಡು ರಾಜ್ಯದವರಾದರು. ಉರ್ದುವಿನಲ್ಲಿ ಮೆಟ್ರಿಕ್ ಆಗಿದ್ದ ಗುಮಾಸ್ತನ ಓದು ರದ್ದಾದ ನೋಟಿನಂತೆ ಕೈಯಲ್ಲೇ ಉಳಿಯಿತು.

ಆದರೆ ಹಳೆಯ ಓದನ್ನು ಕೊಚ್ಚಿಕೊಂಡು ಹೋದ ಅದೇ ಬದಲಾವಣೆ ಬೇಲಿಯನ್ನೂ ಸಡಿಲಿಸಿತು. 1976ರಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾಗಿದ್ದ ಮಲ್ಲಿಕಾರ್ಜುನ ಖರ್ಗೆ ಪರಿಶಿಷ್ಟರಿಗೆ ಮೀಸಲಾಗಿ ಖಾಲಿ ಬಿದ್ದಿದ್ದ 16,000ಕ್ಕೂ ಹೆಚ್ಚು ಶಿಕ್ಷಕರ ಹುದ್ದೆ ತುಂಬಿಸಿದರು. ತಮ್ಮಪ್ಪ ಶಾಲೆಯ ಹೊಸಲು ತುಳಿಯದಿದ್ದ ಮನೆಯವರು ಮೇಷ್ಟ್ರಾಗಿ ಶಹಾಬಾದಿ ಫರಸಿಯ ನೆಲದ ಮೇಲೆ ನಿಂತು ಮಗ್ಗಿ ಹೇಳಿಸಿದರು. ನಾಗಾವಿಯ ಶಾಸನಕ್ಕಿಂತ ಇದು ನನಗೆ ದೊಡ್ಡ ಘಟನೆಯಾಗಿ ಕಾಣುತ್ತದೆ. ಇದರ ಮೇಲೆ ಯಾರೂ ಕಲ್ಲು ನೆಟ್ಟಿಲ್ಲ.

ಆಮೇಲಿನದು ಈ ಹಿಂದುಳಿದ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ. ಚಿಂಚೋಳಿಯಿಂದ ಶಾಸಕರಾಗಿದ್ದ ವೈಜನಾಥ ಪಾಟೀಲರಂಥವರು ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದರು. 98ನೆಯ ತಿದ್ದುಪಡಿಯಾಗಿ 2013ರಲ್ಲಿ ಜಾರಿಗೆ ಬಂತು. ಈ ಭಾಗದ ಕಾಲೇಜುಗಳ ನೂರಕ್ಕೆ 70 ಸೀಟು ಈ ಭಾಗದವರಿಗೆ. ಈಗ ಅದರ ಸರ್ಟಿಫಿಕೇಟಿನ ಝೆರಾಕ್ಸ್ ಇಲ್ಲದ ಮನೆ ಇಲ್ಲ. ಮುತ್ತಜ್ಜನ ಉರ್ದುವಿನ ಹಾಗೆ ಇದನ್ನೂ ಜನ ಶಾಶ್ವತ ಎಂದೇ ನಂಬಿದ್ದಾರೆ. ಪಠ್ಯಪುಸ್ತಕದ ಕಥೆ ಕೇಳಲೇಬೇಡಿ. ಬರಗೂರು ಸಮಿತಿ ಪರಿಷ್ಕರಿಸಿದ್ದು ಹೋಗಿ 2022ರಲ್ಲಿ ಚಕ್ರತೀರ್ಥ ಸಮಿತಿಯದು ಬಂತು, 2023ರಲ್ಲಿ ಸರ್ಕಾರ ಬದಲಾಗಿ ಮತ್ತೆ ಪಾಠ ಕಿತ್ತರು. ಅಶೋಕನ ಪಾಠ ಸ್ವಲ್ಪ ಹೆಚ್ಚು ಬಾಳಿತ್ತು.

ಬೆಂಗಳೂರಿನಲ್ಲಿ ಈ ಜಗಳ ನಡೆಯುವಾಗ ಇಲ್ಲಿಯ ಲೆಕ್ಕ ಬೇರೆ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಪಡೆದು ರಾಜ್ಯಕ್ಕೇ ಕೊನೆಯದಾಯಿತು. ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವೇ ಆಗಿದ್ದವು. ವರದಿ ಹಳತಾಯಿತು, ಪಟ್ಟಿ ಅಷ್ಟು ಹಳತಾಗಲಿಲ್ಲ. ಕಲಿತದ್ದು ಅಳಿಯುತ್ತದೆಂದು ಚಿಂತಿಸುವುದು ಕಲಿತವರ ಸುಖ. ಚಿಂಚೋಳಿಯ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವನ ಜೊತೆ ಮಕ್ಕಳೂ ಗಂಟುಮೂಟೆ ಹೊತ್ತು ಗುಳೆ ಹೊರಡುತ್ತಾರೆ. ಯಾವ ಸಮಿತಿ ಯಾವ ಪಾಠ ತೆಗೆಯಿತು ಎಂದು ಮೇಷ್ಟ್ರು ಹೇಳುವಷ್ಟರಲ್ಲಿ ಹೈದರಾಬಾದಿನ ಬಸ್ಸು ತಾಂಡೂರು ದಾಟಿರುತ್ತದೆ.