ಕೂಗುವ ಅಲಾರಂ, ತಡೆಯುವ ಶೀಲ


*ಇಂದಿನ ಧಮ್ಮ ಚಿಂತನೆ*

1990ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಕಾರು ಕಳ್ಳತನ ವಿಪರೀತವಾಗಿತ್ತು. ಜನ ಅಂಗಡಿಗೆ ಹೋಗಿ ತಮ್ಮ ಕಾರುಗಳಿಗೆ ಅಲಾರಂ ಹಾಕಿಸಿಕೊಂಡರು. ಬಾಗಿಲು ಮುಟ್ಟಿದರೆ ಸೈರನ್ ಕೂಗುತ್ತಿತ್ತು. ಆದರೆ ಪಕ್ಕದಲ್ಲಿ ಲಾರಿ ಹೋದರೂ ಕೂಗುತ್ತಿತ್ತು, ಜೋರು ಗಾಳಿ ಬೀಸಿದರೂ ಕೂಗುತ್ತಿತ್ತು. ಕೊನೆಗೆ ಜನ ತಿರುಗಿ ನೋಡುವುದನ್ನೇ ಬಿಟ್ಟರು. ಬೀದಿಯಲ್ಲಿ ನಿಂತ ವಾಹನದ ಸದ್ದನ್ನೂ ಉಪದ್ರವವೆಂದು ಪರಿಗಣಿಸುವ ಕಾನೂನು 1993ರಲ್ಲಿ ಅಲ್ಲಿ ಬಂತು.

ಇಮ್ಮೊಬಿಲೈಸರ್ ಎಂಬ ಇನ್ನೊಂದು ಸಾಧನವಿತ್ತು. ಅದು ಕೂಗುವುದಿಲ್ಲ. ಸರಿಯಾದ ಸಂಕೇತ ಸಿಗದಿದ್ದರೆ ಸ್ಟಾರ್ಟರ್, ಇಗ್ನಿಷನ್, ಪೆಟ್ರೋಲ್ ಪಂಪುಗಳಿಗೆ ಹೋಗುವ ವಿದ್ಯುತ್ತನ್ನು ಕಡಿದುಬಿಡುತ್ತದೆ. ವಿಮಾ ಕಂಪನಿಗಳ ಸಂಶೋಧನಾ ಕೇಂದ್ರವಾದ ಥ್ಯಾಚಮ್ ಇದಕ್ಕೆ ಮುಖ್ಯವಾದ ಎರಡು ಷರತ್ತು ಹಾಕಿತ್ತು. ಮಾಲೀಕ ಮರೆತರೂ ಅದು ತಾನಾಗಿಯೇ ಕಾವಲಿಗೆ ನಿಲ್ಲಬೇಕು. ಕನಿಷ್ಠ ಎರಡು ಸರ್ಕ್ಯೂಟುಗಳನ್ನು ಕಡಿಯಬೇಕು. ಕಳ್ಳ ಒಂದನ್ನು ಜೋಡಿಸಿಕೊಂಡರೂ ಇನ್ನೊಂದು ತಡೆಯಬೇಕು. 1998ರ ಅಕ್ಟೋಬರಿನಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು.

ಬಂಧುಗಳೇ, ಕೊಡದಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ಎರಡನೆಯ ಶೀಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಇದು ಇದೆ. ವಿಹಾರದಲ್ಲಿ ಇದನ್ನು ಗಟ್ಟಿಯಾಗಿ ಹೇಳುತ್ತೇವೆ. ಆದರೆ ಶೀಲದ ಪರೀಕ್ಷೆ ನಡೆಯುವುದು ವಿಹಾರದಲ್ಲಲ್ಲ, ಜಯಂತಿಗೆ ಎತ್ತಿದ ಚಂದಾ ಹಣ ಕೈಯಲ್ಲಿರುವಾಗ.

ಆ ಹಣದಲ್ಲಿ ಕೂಲಿಗೆ ಹೋಗುವ ತಾಯಿಯೊಬ್ಬಳ 100 ರೂಪಾಯಿ ಇರುತ್ತದೆ. ಪೆಂಡಾಲಿಗೆಂದು, ಊಟಕ್ಕೆಂದು ಆಕೆ ಕೊಟ್ಟದ್ದು. ನಮ್ಮ ಮನೆಯ ತುರ್ತಿಗೆ ಅದನ್ನು ನಾಲ್ಕು ದಿನ ಬಳಸಿಕೊಂಡರೂ ಅದು ಕೊಡದಿದ್ದನ್ನು ತೆಗೆದುಕೊಂಡಂತೆಯೇ. ಲೆಕ್ಕ ಕೇಳಿದರೆ "ನನ್ನನ್ನೇ ಅನುಮಾನಿಸುತ್ತೀರಾ?" ಎಂದು ಕೂಗಾಡುವವರಿದ್ದಾರೆ. ಅದು ಬರೀ ಅಲಾರಂ. ಸದ್ದು ಬಹಳ, ಕಾವಲು ಸೊನ್ನೆ. ಹೀಗೆ ಲೆಕ್ಕದ ಜಗಳಕ್ಕೆ ಒಡೆದುಹೋದ ಸಂಘಗಳು ನಮ್ಮಲ್ಲಿ ಕಡಿಮೆಯೇ?

ಲೆಕ್ಕ ಕೇಳುವುದು ಅವಮಾನವಲ್ಲ. ಬಾಬಾಸಾಹೇಬರೇ 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ, ದೇಶದ ಲೆಕ್ಕ ಪರಿಶೋಧಕರು ಬಹುಶಃ ಸಂವಿಧಾನದಲ್ಲೇ ಅತಿ ಮುಖ್ಯ ಅಧಿಕಾರಿ ಎಂದು ಹೇಳಿದ್ದರು. ದೇಶಕ್ಕೆ ಬೇಕಾದದ್ದು ನಮ್ಮ ಕೇರಿಯ ಸಂಘಕ್ಕೆ ಬೇಡವೇ?

ನಮಗೂ ಎರಡು ಸರ್ಕ್ಯೂಟು ಇರಲಿ. ಒಂದು, ಒಳಗಿನ ಶೀಲ. ಯಾರೂ ನೋಡದಿದ್ದರೂ ತಾನಾಗಿಯೇ ಎಚ್ಚರವಾಗಿರುವಷ್ಟು ಅದು ಅಭ್ಯಾಸವಾಗಬೇಕು. ಇನ್ನೊಂದು, ಹೊರಗಿನ ಕ್ರಮ: ಪ್ರತಿ ಚಂದಾಕ್ಕೂ ರಸೀದಿ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಜಯಂತಿ ಮುಗಿದ ವಾರದೊಳಗೆ ವಿಹಾರದ ಗೋಡೆಯ ಮೇಲೆ ಜಮಾ ಖರ್ಚಿನ ಪಟ್ಟಿ. ಮನಸ್ಸು ಒಂದು ಗಳಿಗೆ ಸಡಿಲವಾದರೂ ಕ್ರಮ ಕಾಯುತ್ತದೆ. ಕ್ರಮದಲ್ಲಿ ಸಂದು ಕಂಡರೂ ಶೀಲ ಕಾಯುತ್ತದೆ.

*ಇಂದಿನ ಅಭ್ಯಾಸ:* ನಮ್ಮ ಕೈಯಲ್ಲಿ ಇನ್ನೊಬ್ಬರ ಹಣ ಏನಾದರೂ ಇದೆಯೇ? ಯಾರೂ ಕೇಳುವ ಮುಂಚೆ ಇವತ್ತೇ ಅದರ ಲೆಕ್ಕ ಬರೆದು, ಕೊಟ್ಟವರಿಗೆ ತೋರಿಸೋಣ.

ನಮೋ ಬುದ್ಧಾಯ. ಜೈ ಭೀಮ್. 💙