ಲೇಖನವೂ ಆತ್ಮಪ್ರತ್ಯಯವೂ

ವಿದ್ಯಾರ್ಥಿಯ ಆತ್ಮಪ್ರತ್ಯಯವು ಎಲ್ಲಿಂದ ಹುಟ್ಟುತ್ತದೆ? ಗುರುವಿನ ಪ್ರಶಂಸೆಯಿಂದಲೋ, ಪರೀಕ್ಷೆಯ ಜಯದಿಂದಲೋ, ಅಥವಾ ತನ್ನ ವಿಚಾರವನ್ನು ತಾನೇ ಕಂಡುಕೊಳ್ಳುವುದರಿಂದಲೋ? ಮಕ್ಕಳುಳ್ಳ ಪ್ರತಿಯೊಂದು ಮನೆಯಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಯಿದು. ಏಕೆಂದರೆ, ಕೇಳಿದೊಡನೆ ಉತ್ತರ ಕೊಡಲಾರದ ಬಾಲಕನನ್ನು ಮಂದಮತಿಯೆಂದು ನಿಶ್ಚಯಿಸಿಬಿಡುವುದು ಲೋಕರೂಢಿ. ಆ ಮಾತನ್ನು ನಂಬಿ ಬಾಳನ್ನೇ ಕುಗ್ಗಿಸಿಕೊಂಡವರುಂಟು.

ನಮ್ಮ ಪಾಠಶಾಲೆಗಳ ಸಂಪ್ರದಾಯದಲ್ಲಿ ವಿದ್ಯೆಯು ಕಂಠಸ್ಥವಾಗಿರಬೇಕು. ಇದು ಯುಕ್ತವೇ. ಆದರೆ ಪರರ ಗ್ರಂಥವನ್ನು ಧಾರಣೆಮಾಡುವುದು ಬೇರೆ, ಸ್ವಂತ ಅಭಿಪ್ರಾಯವನ್ನು ಪ್ರಕಟಿಸುವುದು ಬೇರೆ. ಮೊದಲನೆಯದಕ್ಕೆ ನಾಲಗೆ ಸಾಧನ. ಎರಡನೆಯದಕ್ಕೆ, ಸಂಕೋಚಸ್ವಭಾವದವನಿಗೆ, ಲೇಖನಿಯೇ ಸಾಧನ.

ಮಹಾತ್ಮಾ ಗಾಂಧಿಯವರ ವಿದ್ಯಾರ್ಥಿದಶೆಯು ಇದಕ್ಕೆ ಉತ್ತಮ ನಿದರ್ಶನ. ಶಾಲೆಯಲ್ಲಿ ಸಂಸ್ಕೃತವು ಕಠಿನವೆಂದು ತೋರಿ ಅವರು ಪಾರಸಿ ತರಗತಿಯಲ್ಲಿ ಹೋಗಿ ಕುಳಿತರು. ಸಂಸ್ಕೃತದ ಗುರುಗಳು ಪ್ರೀತಿಯಿಂದ ಕರೆದು ಹಿಂದಿರುಗಿಸಿದರು. ಭಾವನಗರದ ಕಾಲೇಜಿನಲ್ಲಿ ಉಪನ್ಯಾಸಗಳು ತಿಳಿಯದೆ ಮೊದಲ ಅವಧಿ ಮುಗಿದೊಡನೆ ಊರಿಗೆ ಮರಳಿದರು. 1888ರಲ್ಲಿ ಲಂಡನ್ನಿಗೆ ಹೋದ ಮೇಲೆ ಅಲ್ಲಿಯ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೊದಲ ಸಾರಿ ಲ್ಯಾಟಿನ್ ಭಾಷೆಯಲ್ಲಿ ತಪ್ಪಿದರು. ಸಭೆಯಲ್ಲಿ ಎದ್ದುನಿಂತರೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

ಹೀಗಿದ್ದವರು 1891ರಲ್ಲಿ ಅಲ್ಲಿಯ ಶಾಕಾಹಾರಿಗಳ ಪತ್ರಿಕೆಯಲ್ಲಿ ನಮ್ಮ ದೇಶದ ಆಹಾರವನ್ನೂ ಹಬ್ಬಗಳನ್ನೂ ಕುರಿತು ಲೇಖನಮಾಲೆಯನ್ನು ಬರೆದರು. ಆ ಕಾಲದಲ್ಲಿಯೇ ಶಾಕಾಹಾರ ಸಂಘದ ಕಾರ್ಯಸಮಿತಿಯಲ್ಲಿ ಡಾಕ್ಟರ್ ಆಲಿನ್ಸನ್ ಎಂಬವರನ್ನು ತೆಗೆದುಹಾಕಬೇಕೆಂಬ ಪ್ರಸ್ತಾವವು ಬಂದಿತು. ಸಂತಾನನಿಯಂತ್ರಣ ವಿಷಯದಲ್ಲಿ ಆಲಿನ್ಸನರ ಮತವು ಗಾಂಧಿಯವರಿಗೆ ಸಮ್ಮತವಾಗಿರಲಿಲ್ಲ. ಆದರೂ ಶಾಕಾಹಾರಕ್ಕೆ ಸಂಬಂಧಿಸದ ಮತಕ್ಕಾಗಿ ಒಬ್ಬರನ್ನು ಹೊರಹಾಕುವುದು ನ್ಯಾಯವಲ್ಲವೆಂದು ತೋರಿತು. ಮಾತನಾಡುವ ಧೈರ್ಯವಿಲ್ಲದುದರಿಂದ ಅಭಿಪ್ರಾಯವನ್ನು ಬರೆದುಕೊಂಡು ಹೋದರು. ಅದನ್ನು ಓದಲಿಕ್ಕೂ ಧೈರ್ಯ ಸಾಲಲಿಲ್ಲ. ಅಧ್ಯಕ್ಷರು ಬೇರೊಬ್ಬರಿಂದ ಓದಿಸಿದರು. ಅವರ ಪಕ್ಷವು ಸೋತಿತು. ಆದರೂ ತಮ್ಮ ಪಕ್ಷವು ನ್ಯಾಯವಾದುದೆಂಬ ಸಮಾಧಾನವಿತ್ತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಪ್ರಶ್ನೆಯ ಮರ್ಮವಿರುವುದು ಇಲ್ಲಿಯೇ. ಅವರಿಗೆ ಹೊಗಳಿಕೆ ದೊರೆಯಲಿಲ್ಲ, ಜಯ ದೊರೆಯಲಿಲ್ಲ, ಆದರೂ ದೊರೆತುದೊಂದುಂಟು. ನಾಲಗೆಯ ಮೇಲಿನ ಅಭಿಪ್ರಾಯವು ಎದುರಿಗಿರುವವರ ಮುಖವನ್ನು ನೋಡಿ ಬಣ್ಣವನ್ನು ಬದಲಾಯಿಸೀತು. ಬರೆದುದು ಹಾಗೆ ಬದಲಾಗದು. ಬರೆಯುವವನು ತಾನೇ ವಾದಿಯೂ ಪ್ರತಿವಾದಿಯೂ ಆಗಿ, ಸಾಲದ ಮಾತನ್ನು ಹೊಡೆದುಹಾಕಿ, ಉಳಿದುದನ್ನು ತನ್ನದೆಂದು ಒಪ್ಪಿಕೊಳ್ಳುತ್ತಾನೆ. ಹೀಗೆ ಒಪ್ಪಿಕೊಂಡ ಮಾತಿನ ಮೇಲೆ ನಿಲ್ಲುವ ಬಲವೇ ಆತ್ಮಪ್ರತ್ಯಯ.

ಹಾಗಾದರೆ ಲೇಖನವು ಭೀರುವಿನ ಅಡಗುದಾಣವಾಗಲಿಲ್ಲವೆ ಎಂದು ಪೂರ್ವಪಕ್ಷಮಾಡಬಹುದು. ಗಾಂಧಿಯವರು ಬ್ಯಾರಿಸ್ಟರಾಗಿ ಮುಂಬಯಿಗೆ ಬಂದ ಮೇಲೆಯೂ ಮೊದಲನೆಯ ವ್ಯಾಜ್ಯದಲ್ಲಿ ಸಾಕ್ಷಿಯನ್ನು ಪ್ರಶ್ನಿಸಲಾರದೆ ಕುಳಿತುಬಿಟ್ಟುದು ನಿಜ. ಲೇಖನವು ಒಂದೇ ದಿನದಲ್ಲಿ ಭಯವನ್ನು ಕಳೆಯುವ ಮಂತ್ರವಲ್ಲ. ಆದರೆ 1894ರಲ್ಲಿ ನೇಟಾಲಿನ ಶಾಸನಸಭೆಯು ಭಾರತೀಯರ ಮತಾಧಿಕಾರವನ್ನು ಕಿತ್ತುಕೊಳ್ಳಲು ಹೊರಟಾಗ, ಆ ಕೈಯೇ ಬಿನ್ನವತ್ತಳೆಗಳನ್ನು ಬರೆಯಿತು. ಅವುಗಳಲ್ಲೊಂದಕ್ಕೆ ಹದಿನೈದು ದಿನಗಳಲ್ಲಿ 10,000 ಸಹಿಗಳು ಕೂಡಿದುವು. ತನಗಾಗಿ ಮಾತ್ರ ಬರೆದರೆ ಅಡಗುದಾಣವಾದೀತು. ನ್ಯಾಯಕ್ಕಾಗಿ ಬರೆದು ಹೆಸರನ್ನು ಕೆಳಗೆ ಕಾಣಿಸಿದರೆ ಅದು ಸಭೆಯೊಳಕ್ಕೆ ಹೋಗುವ ಬಾಗಿಲು.

ಆದುದರಿಂದ ಹಿರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಾತನಾಡದ ಮಗುವಿನ ಕೈಗೆ ಕಾಗದವನ್ನು ಕೊಡಿರಿ. ಪುಸ್ತಕದ ಮಾತನ್ನಲ್ಲ, ತಾನು ಕಂಡುದನ್ನೂ ನಂಬಿದುದನ್ನೂ ನಾಲ್ಕು ಪಂಕ್ತಿ ಬರೆಯಹೇಳಿರಿ. ಅದನ್ನು ಓದುವಾಗ ಕಾಗುಣಿತದ ತಪ್ಪನ್ನು ಎರಡನೆಯ ಸಾರಿಗೆ ಇಟ್ಟುಕೊಂಡು, ಮೊದಲನೆಯ ಸಾರಿ ಅದರೊಳಗಿನ ಮಾತಿಗೆ ಉತ್ತರವನ್ನು ಕೊಡಿರಿ. ತನ್ನ ಮಾತಿಗೆ ಉತ್ತರ ಪಡೆದ ಮಗುವು ಮುಂದಿನ ಮಾತನ್ನು ತಾನಾಗಿಯೇ ಆಡುವುದು.